ರಜೆ ಹಾಕಿದರೂ ದಣಿವು ಏಕೆ ಹೋಗುವುದಿಲ್ಲ?

ಪ್ರಶ್ನೆ: ಕೆಲಸದಲ್ಲಿ ಪೂರ್ತಿ ಬಸವಳಿದಿದ್ದೇನೆ. ಬರ್ನ್‌ಔಟ್ ಇರಬಹುದು ಎನ್ನುತ್ತಾರೆ. ಒಂದು ವಾರ ರಜೆ ಹಾಕಿ ಚೆನ್ನಾಗಿ ನಿದ್ದೆ ಮಾಡಿ ಬಂದೆ. ಮೂರನೆಯ ದಿನಕ್ಕೆ ಮತ್ತೆ ಮೊದಲಿನ ಹಾಗೆಯೇ ಆಯಿತು. ಇನ್ನೂ ದೀರ್ಘ ರಜೆ ಬೇಕೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಬರ್ನ್‌ಔಟ್ ಎಂದರೆ ವಿಪರೀತ ದಣಿವು, ವಿಶ್ರಾಂತಿಯೇ ಅದಕ್ಕೆ ಮದ್ದು ಎಂಬ ನಂಬಿಕೆ ಮಾತ್ರ ಜನರ ಮನಸ್ಸಿನಿಂದ ಕದಲುತ್ತಿಲ್ಲ. ಚಿಕ್ಕಮಗಳೂರಿನಲ್ಲಿರುವ ನಮಗೆ ಇದು ಕಣ್ಣೆದುರಿನ ನೋಟ. ಶನಿವಾರ ಬೆಳಿಗ್ಗೆ ಬೆಟ್ಟದ ದಾರಿಯ ಕೈಮರದ ಚೆಕ್‌ಪೋಸ್ಟ್‌ನಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಮುಳ್ಳಯ್ಯನಗಿರಿಯ ಗಾಳಿ ಒಳ್ಳೆಯದೇ, ಅದರಿಂದ ಎರಡು ದಿನ ಮನಸ್ಸು ಹಗುರವಾಗುವುದೂ ನಿಜವೇ. ಆದರೆ ಬೆಟ್ಟ ಇಳಿದವರು ಸೋಮವಾರ ಅದೇ ಮೇಜಿನ ಮುಂದೆ, ಅದೇ ಮೇಲಧಿಕಾರಿಯ ಕೈಕೆಳಗೆ ಕೂರಬೇಕಲ್ಲ? ಅಲ್ಲಿ ಏನೂ ಬದಲಾಗದಿದ್ದರೆ ಮನಸ್ಸು ಹೇಗೆ ಬದಲಾದೀತು?

ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ. ಕೆಲಸದ ಜಾಗದ ಒತ್ತಡವು ನಿಭಾವಣೆಯಾಗದೆ ಬಹುಕಾಲ ಉಳಿದಾಗ ಉಂಟಾಗುವ ಸ್ಥಿತಿ ಎಂದು ಅದನ್ನು ವಿವರಿಸಿ, ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ಕೆಲಸದಲ್ಲಿ ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲ ಎನಿಸುವುದು. ಜನರು ಮೊದಲನೆಯದನ್ನಷ್ಟೇ ಗುರುತಿಸುತ್ತಾರೆ. ನಾನು ಹೆಚ್ಚು ಗಮನಿಸುವುದು ಎರಡನೆಯದನ್ನು.

ನನಗೆ ಪರಿಚಯದ ಒಬ್ಬ ರೈಟರು, ಅಂದರೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವವರು, ಇಪ್ಪತ್ತು ಕೊಯ್ಲು ಕಂಡವರು. ಸಂಜೆ ಕಾಫಿ ಹಣ್ಣು ತೂಗಿ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪುಸ್ತಕ) ಬರೆದು ಮುಗಿಸುವಷ್ಟರಲ್ಲಿ ರಾತ್ರಿ ಒಂಬತ್ತಾಗುತ್ತಿತ್ತು. ಆ ದುಡಿತ ಅವರನ್ನು ದಣಿಸಿತ್ತೇ ಹೊರತು ಕೆಡಿಸಿರಲಿಲ್ಲ. ಕಾರ್ಮಿಕರ ಮಕ್ಕಳು ಯಾವ ತರಗತಿ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಒಂದು ವರ್ಷ ಕೊಯ್ಲಿನ ನಡುವೆ ಮಾಲೀಕರು ಇವರನ್ನು ಕೇಳದೆಯೇ ಹಣ್ಣು ಕೊಯ್ಯುವವರಿಗೆ ಕೊಡುವ ಕೆ.ಜಿ. ದರವನ್ನು ಎರಡು ಸಲ ಬದಲಿಸಿದರು. ದಿನವೂ ಜನರಿಗೆ ಉತ್ತರ ಕೊಡಬೇಕಾದವರು ಮಾತ್ರ ಇವರು. ಜನವರಿಯ ಒಂದು ಸಂಜೆ ಒಬ್ಬ ಹೆಂಗಸು ತಕ್ಕಡಿಯ ಮುಂದೆ ನಿಂತು, 'ಎರಡು ಕೆ.ಜಿ. ಕಡಿಮೆ ಬರ್ದಿದೀರಲ್ಲ ರೈಟ್ರೇ' ಎಂದಾಗ, ಅವರು ತಲೆಯನ್ನೂ ಎತ್ತದೆ 'ಮುಂದಿನವರು ಬನ್ನಿ' ಎಂದುಬಿಟ್ಟರು. ಆ ರಾತ್ರಿ ತಮ್ಮ ಆ ದನಿಯನ್ನು ನೆನೆದು ಅವರಿಗೆ ನಿದ್ದೆ ಬರಲಿಲ್ಲ. ನನ್ನ ಬಳಿ ಬಂದದ್ದು ಅದಕ್ಕಾಗಿ.

ಅತಿಯಾಗಿ ಫಸಲು ಹೊತ್ತ ಅರೇಬಿಕಾ ಕಾಫಿ ಗಿಡದ ರೆಕ್ಕೆಗಳು, ಅಂದರೆ ಅಡ್ಡ ಕೊಂಬೆಗಳು, ತುದಿಯಿಂದ ಒಣಗತೊಡಗಿದರೆ, ಗಿಡಕ್ಕೆ ವಿಶ್ರಾಂತಿ ಕೊಡೋಣ ಎಂದು ನಮ್ಮಲ್ಲಿ ಯಾರೂ ಕೈಕಟ್ಟಿ ಕೂರುವುದಿಲ್ಲ. ನೆರಳು ಎಷ್ಟಿದೆ, ಗೊಬ್ಬರ ಸಾಕಾಗಿದೆಯೇ ಎಂದು ನೋಡಿ, ಒಣಗಿದ್ದನ್ನು ಕತ್ತರಿಸಿ ತೆಗೆಯುತ್ತಾರೆ. ರೈಟರ ವಿಷಯದಲ್ಲೂ ಹಾಗೆಯೇ ಆಯಿತು. ತೂಕಕ್ಕೆ ಇನ್ನೊಬ್ಬರು ಬಂದರು. ಕೊಯ್ಲು ಶುರುವಾಗುವ ಮೊದಲೇ ಇವರನ್ನು ಕೂರಿಸಿಕೊಂಡು ದರ ನಿಗದಿ ಮಾಡಿ, ನಡುವೆ ಬದಲಿಸುವುದಿಲ್ಲ ಎಂದು ಮಾಲೀಕರು ಮಾತು ಕೊಟ್ಟರು. ರೈಟರು ಮೊದಲಿನಂತಾಗಲು ಎಂಟು ತಿಂಗಳು ಹಿಡಿಯಿತು.

ಆದ್ದರಿಂದ ನೀವು ಇನ್ನಷ್ಟು ರಜೆ ಕೇಳುವ ಮೊದಲು, ಕೆಲಸದಲ್ಲಿ ನಿಮ್ಮನ್ನು ಕೊರೆಯುತ್ತಿರುವುದು ಯಾವುದು ಎಂದು ಬರೆದುಕೊಳ್ಳಿ: ಕೆಲಸದ ಹೊರೆಯೋ, ನಿಮ್ಮ ಮಾತು ನಡೆಯದಿರುವುದೋ, ಅನ್ಯಾಯವೋ, ಮನಸ್ಸಿಗೆ ಒಪ್ಪದ್ದನ್ನು ಮಾಡಬೇಕಾಗಿರುವುದೋ. ಅದರಲ್ಲಿ ಒಂದನ್ನಾದರೂ ಬದಲಿಸಲು ಮೇಲಿನವರೊಂದಿಗೆ ಮಾತನಾಡಿ. ಅದರ ಜೊತೆಗೆ ವೈದ್ಯರನ್ನು ಕಂಡು ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ. ಅವುಗಳ ದಣಿವೂ ಹೀಗೆಯೇ ಕಾಣುತ್ತದೆ. ಮನೆ, ಸ್ನೇಹ, ಊಟ ಯಾವುದರಲ್ಲೂ ರುಚಿ ಉಳಿಯದಿದ್ದರೆ ಅದು ಖಿನ್ನತೆಯೂ ಆಗಿರಬಹುದು. ಆಗ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಯಾರೂ ನನ್ನನ್ನು ಕೇಳದ ಒಂದು ಪ್ರಶ್ನೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆ ಉದ್ಯೋಗಕ್ಕೆ ಮಾತ್ರ ಸೀಮಿತವಾಗಿರುವಾಗ, ಸಂಬಳವಿಲ್ಲದೆ ಮನೆಯಲ್ಲಿ ದುಡಿಯುವವರ ಗತಿಯೇನು? ರೈಟರ ಜೊತೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ ಅವರ ಹೆಂಡತಿ, ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದರು. ಪ್ರೀತಿಯಿಂದ ಮಾಡುತ್ತಿದ್ದ ಕೆಲಸವೇ, ಆದರೆ ಅತ್ತೆ ಕರೆದರೆ ಈಚೆಗೆ ಮೈ ಉರಿಯುತ್ತದೆ ಎಂದು ಹೇಳಿ ಅತ್ತರು. ಹೆಸರು ಏನೇ ಇರಲಿ, ಲಕ್ಷಣ ಅದೇ. 'ರಾತ್ರಿ ಎದ್ದು ನೋಡುವವರು ಯಾರು' ಎಂದು ಕೇಳಿದೆ. ಅವರೊಬ್ಬರೇ. ಈಗ ಮಂಗಳವಾರ, ಶುಕ್ರವಾರ ಮತ್ತು ಭಾನುವಾರದ ರಾತ್ರಿ ಮಗ ಅಜ್ಜಿಯ ಕೋಣೆಯಲ್ಲಿ ಮಲಗುತ್ತಾನೆ.