ಗಿನ್ನೆಸ್ ದಾಖಲೆಯೇ ಬೇರೆ, ಈ ಗಿನ್ನೆಸ್ಸೇ ಬೇರೆ

ಪ್ರಶ್ನೆ: ಹಾಲಿವುಡ್ ಸಿನಿಮಾ ‘ಸ್ಟಾರ್ ವಾರ್ಸ್’ನಲ್ಲಿ ಬಿಳಿ ಗಡ್ಡದ ಗುರು ಆಗಿ ಬರುವ ಬ್ರಿಟಿಷ್ ನಟ ಅಲೆಕ್ ಗಿನ್ನೆಸ್ ಅವರ ಮನೆತನದವರೇ ಗಿನ್ನೆಸ್ ದಾಖಲೆ ಪುಸ್ತಕ ಶುರು ಮಾಡಿದ್ದು ಅಂತಾರಲ್ಲ, ನಿಜವಾ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ತಪ್ಪಿದೆ. ಹೋದ ವರ್ಷ ಒಂದು ಕ್ವಿಜ್‌ನಲ್ಲಿ ಇದನ್ನೇ ಸರಿ ಉತ್ತರ ಅಂತ ಹೇಳಿ ಹತ್ತು ಪಾಯಿಂಟ್ ಬೇರೆ ಕೊಟ್ಟರು. ನಾನು ಎದ್ದು ತಕರಾರು ತೆಗೆದೆ. ‘ಸರ್, ಕೂತ್ಕೊಳ್ಳಿ, ಕ್ವಿಜ್ ಮಾಸ್ಟರ್ ಹೇಳಿದ್ದೇ ಫೈನಲ್’ ಅಂದರು. ಅಲ್ಲಿ ಕೂತೆ. ಇಲ್ಲಿ ಕೂರುವುದಿಲ್ಲ.

ಮೊದಲು ಪುಸ್ತಕದ ವಿಷಯ. ಅದನ್ನು ಗಿನ್ನೆಸ್ ಅನ್ನುವ ಹೆಸರಿನವರು ಬರೆದೇ ಇಲ್ಲ. ಆರ್ಥರ್ ಗಿನ್ನೆಸ್ ಡಬ್ಲಿನ್ನಿನಲ್ಲಿ ಬಿಯರ್ ಕಾರ್ಖಾನೆ ಶುರು ಮಾಡಿದ್ದು 1759ರಲ್ಲಿ. ಅಲ್ಲಿಂದ ಸುಮಾರು ಇನ್ನೂರು ವರ್ಷ ಬಿಟ್ಟು, 1951ರಲ್ಲಿ, ಆ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಸರ್ ಹ್ಯೂ ಬೀವರ್ ಐರ್ಲೆಂಡಿನಲ್ಲಿ ಹಕ್ಕಿ ಬೇಟೆಗೆ ಹೋಗಿದ್ದರು. ಜನ ಬೇಟೆಯಾಡುವ ಹಕ್ಕಿಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಹಾರುವುದು ಯಾವುದು ಅಂತ ಗೆಳೆಯರ ಜೊತೆ ವಾದ ಬಿತ್ತು. ಎಷ್ಟು ಪುಸ್ತಕ ತಿರುವಿದರೂ ಉತ್ತರ ಸಿಗಲಿಲ್ಲ. ಬಾರ್‌ಗಳಲ್ಲಿ ದಿನಾ ಇಂಥವೇ ಜಗಳ ನಡೆಯುತ್ತವೆ, ಅದಕ್ಕೆಂದೇ ಒಂದು ಪುಸ್ತಕ ಇದ್ದರೆ ಕಂಪನಿಗೂ ಪ್ರಚಾರ ಅಂತ ಬೀವರ್‌ಗೆ ಹೊಳೆಯಿತು. ನೋರಿಸ್ ಮತ್ತು ರಾಸ್ ಮ್ಯಾಕ್‌ವರ್ಟರ್ ಅನ್ನುವ ಅವಳಿ ಸೋದರರು ಕೂತು ಮಾಹಿತಿ ಕಲೆಹಾಕಿದರು. 1955ರಲ್ಲಿ ಮೊದಲ ಪುಸ್ತಕ ಬಂತು.

ಆಗ ಅಲೆಕ್ ಅವರಿಗೆ 41 ವರ್ಷ. ‘ಕೈಂಡ್ ಹಾರ್ಟ್ಸ್ ಆ್ಯಂಡ್ ಕೊರೊನೆಟ್ಸ್’ ಸಿನಿಮಾದಲ್ಲಿ ಒಂದೇ ಮನೆತನದ ಎಂಟು ಜನರ ಪಾತ್ರವನ್ನು ಒಬ್ಬರೇ ಮಾಡಿ ಆಗಲೇ ಆರು ವರ್ಷ ಕಳೆದಿತ್ತು. ಆ ಎಂಟರಲ್ಲಿ ಒಬ್ಬಳು ಹೆಂಗಸು. ಅಂದರೆ ಪುಸ್ತಕದಿಂದ ಇವರಿಗೆ ಹೆಸರು ಬಂದಿದ್ದಲ್ಲ, ಇವರಿಂದ ಪುಸ್ತಕಕ್ಕೂ ಅಲ್ಲ.

‘ಸರಿ ಸಾರ್, ಆದರೂ ಸರ್‌ನೇಮ್ ಅದೇ ಅಲ್ವಾ?’ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ನಿಜ ಹೇಳಬೇಕೆಂದರೆ ಅದು ಸರ್‌ನೇಮ್ ಹೌದೋ ಅಲ್ಲವೋ ಅನ್ನುವುದೇ ಅನುಮಾನ. ಅಲೆಕ್ ಹುಟ್ಟಿದ್ದು 1914ರ ಏಪ್ರಿಲ್ 2ರಂದು, ಲಂಡನ್ನಿನಲ್ಲಿ. ಜನನ ಪತ್ರದಲ್ಲಿ ಮಗುವಿಗೆ ಇಟ್ಟ ಹೆಸರು ಬರೆಯುವ ಜಾಗದಲ್ಲಿ ‘ಅಲೆಕ್ ಗಿನ್ನೆಸ್’ ಅಂತಿದೆ. ಅಲ್ಲಿ ಮನೆತನದ ಹೆಸರು ಬರೆಯುವುದಿಲ್ಲ. ತಾಯಿಯ ಹೆಸರು ಆಗ್ನೆಸ್ ಕಫ್. ತಂದೆಯ ಜಾಗ ಖಾಲಿ. ನಮ್ಮಲ್ಲಿ ಇನಿಷಿಯಲ್ ನೋಡಿ ಅಪ್ಪನ ಹೆಸರು ಊಹಿಸುತ್ತೇವಲ್ಲ, ಹಾಗೆ ಊಹಿಸಲು ಇಲ್ಲಿ ಏನೂ ಇಲ್ಲ. ಬಿಯರ್ ಮನೆತನದ ಯಾರೋ ತಂದೆ ಇರಬಹುದು ಅಂತ ಗಾಳಿಸುದ್ದಿ ಇತ್ತು. ಪುರಾವೆ ಇಲ್ಲ. ಹುಡುಗನ ಶಾಲೆಯ ಫೀಸು ಕಟ್ಟಿದ್ದು ಆಂಡ್ರೂ ಗೆಡಿಸ್ ಅನ್ನುವ ಸ್ಕಾಟ್ಲೆಂಡಿನ ಬ್ಯಾಂಕರ್. ಅವರು ಮನೆಗೆ ಬರುತ್ತಿದ್ದದ್ದು ‘ಅಂಕಲ್’ ಆಗಿ. ತಾಯಿ ಮುಂದೆ ಒಬ್ಬ ಸೇನಾಧಿಕಾರಿಯನ್ನು ಮದುವೆಯಾದಾಗ ಹುಡುಗನಿಗೆ ಅವರ ಹೆಸರೂ ಅಂಟಿಕೊಂಡಿತು. ಹದಿನಾಲ್ಕು ವರ್ಷ ತುಂಬುವ ಹೊತ್ತಿಗೆ ತನಗೆ ಮೂರು ಹೆಸರು ಆಗಿದ್ದವು ಅಂತ ಅಲೆಕ್ ಅವರೇ ಬರೆದುಕೊಂಡಿದ್ದಾರೆ. ಬೆಳೆದದ್ದು ಬಿಯರ್ ದುಡ್ಡಿನ ಬಂಗಲೆಯಲ್ಲಲ್ಲ. ಅಗ್ಗದ ಹೋಟೆಲು, ಬಾಡಿಗೆ ಕೋಣೆ ಅಂತ ಅಲೆಯುತ್ತಾ.

ಇಂಥವರನ್ನು ಹಿಡಿದು ಶ್ರೀಮಂತರ ಮಗ ಅನ್ನುತ್ತೀರಲ್ಲ, ಅದೇ ನನಗೆ ಸಿಟ್ಟು.

ಉಳಿದದ್ದು ನಿಮಗೂ ಗೊತ್ತಿರಬಹುದು. ಜಾಹೀರಾತು ಕಂಪನಿಯಲ್ಲಿ ಸಣ್ಣ ಕೆಲಸ, ಅದು ಬಿಟ್ಟು ನಾಟಕ. 1934ರಲ್ಲಿ ಹೆಸರಾಂತ ರಂಗನಟ ಜಾನ್ ಗೀಲ್ಗುಡ್ ತಮ್ಮ ‘ಹ್ಯಾಮ್ಲೆಟ್’ ನಾಟಕದಲ್ಲಿ ಆಸ್ರಿಕ್ ಅನ್ನುವ ಸಣ್ಣ ಪಾತ್ರ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ, 1943ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೇಲಿನ ದಾಳಿಯಲ್ಲಿ ಸೈನಿಕರನ್ನು ದಡ ಮುಟ್ಟಿಸುವ ದೋಣಿಯೊಂದನ್ನು ನಡೆಸಿದರು. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಆಸ್ಕರ್ ತಂದಿತು. 1959ರಲ್ಲಿ ಬ್ರಿಟನ್ನಿನ ‘ಸರ್’ ಪದವಿ ಸಿಕ್ಕಿತು. ‘ಸ್ಟಾರ್ ವಾರ್ಸ್’ ಬಂದದ್ದು 1977ರಲ್ಲಿ. ಅದರ ಲಾಭದಲ್ಲಿ ಶೇ. 2ಕ್ಕಿಂತ ತುಸು ಜಾಸ್ತಿ ಪಾಲು ಮಾತಾಡಿಕೊಂಡಿದ್ದರು. ಅವರು ದುಡ್ಡು ನೋಡಿದ್ದು ಅಲ್ಲಿ, ಬಿಯರಿನಲ್ಲಲ್ಲ. ಅವರ ಅಭಿನಯ ನೋಡಬೇಕು ಅನ್ನುವವರಿಗೆ ನಾನು ಹೇಳುವುದು 1979ರ ಟಿವಿ ಸರಣಿ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’. ಕನ್ನಡಕ ಒರೆಸುವುದರಲ್ಲೇ ಅರ್ಧ ಮಾತು ಮುಗಿಸುತ್ತಾರೆ.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ. ಯಾಕೆ ಕೇಳುವುದಿಲ್ಲವೋ! ನಮ್ಮ ಸಾವನದುರ್ಗಕ್ಕೂ ಇವರಿಗೂ ಒಂದು ನಂಟಿದೆ. 1984ರಲ್ಲಿ ಬಂದ, ನಿರ್ದೇಶಕ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಬಹುಪಾಲು ಶೂಟಿಂಗ್ ಆದದ್ದು ಬೆಂಗಳೂರು ಸುತ್ತಮುತ್ತ. ಕಥೆಯಲ್ಲಿ ಬಿಹಾರದ ಕಡೆ ಇರುವ ಮರಾಬಾರ್ ಗುಹೆಗಳು ಸಿನಿಮಾದಲ್ಲಿ ಸಾವನದುರ್ಗದ, ರಾಮನಗರದ ಬಂಡೆಗಳು. ‘ಶೋಲೆ’ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅದರಲ್ಲಿ ಅಲೆಕ್ ಮಾಡಿದ್ದು ಪ್ರೊಫೆಸರ್ ನಾರಾಯಣ ಗೋಡ್ಬೋಲೆ ಪಾತ್ರ. ಮೈಗೆ ಕಂದು ಬಣ್ಣ ಬಳಿದುಕೊಂಡು, ಪೇಟ ಸುತ್ತಿಕೊಂಡು, ಹಣೆಗೆ ನಾಮ ಇಟ್ಟುಕೊಂಡು. ನಾನು ಅವರ ಅಭಿಮಾನಿ, ಆದರೂ ಅದನ್ನು ನೋಡುವುದು ಕಷ್ಟ. ಅದೇ ಸಿನಿಮಾದಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಎಲ್ಲ ಇದ್ದರು. ಗೋಡ್ಬೋಲೆಗೆ ಒಬ್ಬ ಭಾರತೀಯ ನಟ ಸಿಗಲಿಲ್ಲವಂತೆ, ನಂಬಬೇಕಾ? ಲೀನ್ ಜೊತೆ ಅಲೆಕ್ ಮಾಡಿದ ಆರನೇ ಸಿನಿಮಾ ಅದು, ಕೊನೆಯದೂ ಅದೇ. ಪಾತ್ರಕ್ಕೆಂದು ಅವರು ಒಂದು ಕುಣಿತ ಬೇರೆ ಕಲಿತಿದ್ದರು. ಲೀನ್ ಅದನ್ನು ಎಡಿಟಿಂಗ್‌ನಲ್ಲಿ ತೆಗೆದುಹಾಕಿದರು. ಅಲೆಕ್‌ಗೆ ತುಂಬಾ ಬೇಜಾರಾಯಿತು. ನನಗಂತೂ ಆಗಲಿಲ್ಲ.