ಇಸಿಜಿ ಓದುವ ಯಂತ್ರ ಕೇಳದೆ ಬಿಡುವ ಪ್ರಶ್ನೆಗಳು

ಸಕಲೇಶಪುರದ ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವಾಗ ಯಾರಿಗಾದರೂ ಎದೆ ಹಿಡಿದಂತಾದರೆ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’ ಎಂಬುದೇ. ಜೀರಿಗೆ ಕಷಾಯ ಕುಡಿದು, ಲೈನ್ ಮನೆಯಲ್ಲಿ ಸ್ವಲ್ಪ ಹೊತ್ತು ಒರಗಿ, ನೋವು ಇಳಿಯದಿದ್ದಾಗ ಜೀಪು ಹುಡುಕಿ ತಾಲ್ಲೂಕು ಆಸ್ಪತ್ರೆ ತಲುಪುವಷ್ಟರಲ್ಲಿ ಎರಡು ಮೂರು ಗಂಟೆ ಸರಿದಿರುತ್ತದೆ. ಹೃದಯದ ರಕ್ತನಾಳ ಹೆಪ್ಪಿನಿಂದ ಮುಚ್ಚಿದ್ದರೆ ಅಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ನೋವು ಶುರುವಾದ 12 ಗಂಟೆಗಳೊಳಗೆ ಕೊಡಬಹುದಾದರೂ ಅದರ ಪೂರ್ಣ ಫಲ ಸಿಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಹೃದ್ರೋಗ ತಜ್ಞರು ಎಲ್ಲ ತಾಲ್ಲೂಕುಗಳಲ್ಲೂ ಇರುವುದಿಲ್ಲ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿ, ಹೃದಯದ ವಿದ್ಯುತ್ ಚಟುವಟಿಕೆಯನ್ನು ಗೆರೆಯಾಗಿ ತೋರಿಸುವ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೇಗ ಓದಿಸಲು ಹೊರಟದ್ದು ಈ ಕಾರಣಕ್ಕೆ. ಇಸಿಜಿ ಕಾಗದದ ಒಂದು ಸಣ್ಣ ಚೌಕದ ಎತ್ತರ ಒಂದು ಮಿಲಿಮೀಟರ್, ಅಂದರೆ 0.1 ಮಿಲಿವೋಲ್ಟ್. ಎಸ್‌ಟಿ ಎಂಬ ಗೆರೆಯ ಭಾಗ ಪಕ್ಕಪಕ್ಕದ ಎರಡು ಲೀಡುಗಳಲ್ಲಿ (ಹೃದಯವನ್ನು ಬೇರೆ ಬೇರೆ ಕೋನದಿಂದ ತೋರಿಸುವ ಗೆರೆಗಳಲ್ಲಿ) ಇಂಥ ಒಂದೆರಡು ಚೌಕದಷ್ಟು ಮೇಲೆದ್ದಿದ್ದರೆ ಹೃದಯಾಘಾತದ ಶಂಕೆ ಬಲವಾಗುತ್ತದೆ. ಹಳೆಯ ಯಂತ್ರಗಳಿಗೆ ಈ ನಿಯಮವನ್ನು ಬರೆದು ಕೊಡಬೇಕಿತ್ತು. ಹೊಸವು ತಜ್ಞರು ಗುರುತು ಹಾಕಿಕೊಟ್ಟ ಅಸಂಖ್ಯ ಇಸಿಜಿಗಳನ್ನು ನೋಡಿ ತಾವೇ ಕಲಿಯುತ್ತವೆ. ಇರುಳುಪಾಳಿಯಲ್ಲಿ ಒಬ್ಬರೇ ಇರುವ ಕಿರಿಯ ವೈದ್ಯರಿಗೆ ಇದು ಸಣ್ಣ ಆಸರೆಯೇನಲ್ಲ.

ಆದರೆ ಯಂತ್ರ ಓದುವುದು ಗೆರೆಯನ್ನು, ರೋಗಿಯನ್ನಲ್ಲ. ಅವಸರದಲ್ಲಿ ಎಡಗೈ ಬಲಗೈ ತಂತಿಗಳು ಅದಲು ಬದಲಾದರೆ ಮೊದಲ ಲೀಡು ತಲೆಕೆಳಗಾಗುತ್ತದೆ. ಹೃದಯದ ಹಿಂಗೋಡೆಗೆ ಪೆಟ್ಟು ಬಿದ್ದಿದ್ದರೆ ಎದೆಯ ಮುಂದಿನ ಲೀಡುಗಳಲ್ಲಿ ಎಸ್‌ಟಿ ಏರುವ ಬದಲು ಕುಸಿಯುತ್ತದೆ. ಇವನ್ನೂ ಯಂತ್ರಕ್ಕೆ ಕಲಿಸಬಹುದು ಎನ್ನೋಣ. ಹಿಂದೆಂದಾದರೂ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೇ, ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿದೆಯೇ, ಮಲ ಕಪ್ಪಾಗಿ ಹೋಗುತ್ತಿದೆಯೇ, ನೋವು ಸೀಳಿದಂತೆ ಬೆನ್ನಿಗೆ ಹಾಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಮಾತ್ರ ಗೆರೆಯಲ್ಲಿ ಉತ್ತರವಿಲ್ಲ. ಮೊದಲ ಮೂರರಲ್ಲಿ ಯಾವುದಕ್ಕಾದರೂ ಉತ್ತರ ಹೌದು ಎಂದಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿನಿಂದ ರಕ್ತಸ್ರಾವದ ಅಪಾಯ ಹೆಚ್ಚು. ಕೊನೆಯದಕ್ಕೆ ಉತ್ತರ ಹೌದು ಎಂದಾದರೆ ಮಹಾಧಮನಿಯೇ ಸೀಳಿರಬಹುದು. ಆಗ ಅದೇ ಚುಚ್ಚುಮದ್ದು ಪ್ರಾಣ ತೆಗೆದೀತು.

ಯಂತ್ರವನ್ನು ಎಲ್ಲಿ ಇಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ರೋಗವಿದ್ದವರಲ್ಲಿ ಶೇ 90, ಇಲ್ಲದವರಲ್ಲೂ ಶೇ 90 ಸರಿ ಹೇಳುವ ಯಂತ್ರವೊಂದನ್ನು ಊಹಿಸಿಕೊಳ್ಳಿ. ಮೂಡಿಗೆರೆಯ ಆರೋಗ್ಯ ಶಿಬಿರಕ್ಕೆ ಬಂದ 1,000 ಜನರಲ್ಲಿ 10 ಮಂದಿಗೆ ರೋಗವಿದ್ದರೆ ಅದು 108 ಜನರತ್ತ ಬೆರಳು ತೋರಿಸುತ್ತದೆ. (ಆಂಬುಲೆನ್ಸಿನ ಸಂಖ್ಯೆಯೇ ಲೆಕ್ಕದಲ್ಲಿ ಬಂದದ್ದು ಆಕಸ್ಮಿಕ.) ಅವರಲ್ಲಿ ನಿಜಕ್ಕೂ ರೋಗವಿರುವವರು 9 ಮಂದಿ, ವೃಥಾ ಹೆದರಿ ಹಾಸನಕ್ಕೋ ಮಂಗಳೂರಿಗೋ ಓಡುವವರು 99. ಅದೇ ಯಂತ್ರವನ್ನು ಎದೆನೋವೆಂದೇ ಬಂದ 300 ಜನರ ನಡುವೆ ಇಟ್ಟು, ಅವರಲ್ಲಿ 100 ಮಂದಿಗೆ ರೋಗವಿದೆ ಎಂದುಕೊಂಡರೆ, ಅದು ತೋರಿಸುವ 110 ಜನರಲ್ಲಿ 90 ಮಂದಿ ನಿಜವಾದ ರೋಗಿಗಳು. ಮಾರುವವರು ‘ಶೇ 90 ನಿಖರ’ ಎಂದಷ್ಟೇ ಹೇಳಿದಾಗ ನನಗೆ ಅನುಮಾನ ಬರುವುದು ಇದಕ್ಕೇ.

ಕಲಿಕೆಯೊಳಗೇ ಮೋಸ ಅಡಗಿರುವುದೂ ಉಂಟು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ನ್ಯುಮೋನಿಯಾ ರೋಗಿಗಳ ದಾಖಲೆಗಳಿಂದ ಕಲಿಸಿದ ಒಂದು ಕಂಪ್ಯೂಟರ್ ಮಾದರಿ, ಆಸ್ತಮಾ ಇದ್ದವರಿಗೆ ಸಾವಿನ ಅಪಾಯ ಕಡಿಮೆ ಎಂದು ತೀರ್ಮಾನಿಸಿತು. ದಾಖಲೆಯಲ್ಲಿದ್ದದ್ದು ಹಾಗೆಯೇ, ಏಕೆಂದರೆ ಆಸ್ತಮಾ ಇದ್ದವರನ್ನು ವೈದ್ಯರು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಕಳಿಸಿ ಉಳಿಸಿಕೊಂಡಿದ್ದರು. ಆ ಮಾತು ನಂಬಿದ್ದರೆ ಹೆಚ್ಚು ಆರೈಕೆ ಬೇಕಾದವರನ್ನೇ ಮನೆಗೆ ಕಳಿಸಬೇಕಾಗುತ್ತಿತ್ತು.

ಇಸಿಜಿಯ ವಿಷಯದಲ್ಲಿ ಇಂಥ ಎಡವಟ್ಟು ಹೆಚ್ಚಾಗಿ ಆಗುವುದು ಪರದೆಯ ಮೇಲೆ ‘ನಾರ್ಮಲ್’ ಎಂದು ಬಂದಾಗ. ಹೃದಯಾಘಾತದ ಮೊದಲ ಹೊತ್ತಿನಲ್ಲಿ ಗೆರೆ ಸರಿಯಾಗಿಯೇ ಕಾಣಬಹುದು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು ಇರಬಹುದು. ಅಂಥವರನ್ನು ಹಾಸಿಗೆಯ ಮೇಲೇ ಇರಿಸಿಕೊಂಡು 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಇಸಿಜಿ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪ್ರೋಟೀನ್ ಇದೆಯೇ ನೋಡಬೇಕು, ಮೊದಲ ಪರೀಕ್ಷೆಯಲ್ಲಿ ಕಾಣದಿದ್ದರೆ ಕೆಲವು ಗಂಟೆ ಬಿಟ್ಟು ಅದನ್ನೂ ಮತ್ತೊಮ್ಮೆ ಮಾಡಬೇಕು.