ಮಳೆ, ಕೊಡೆ, ಒಂದು ಮಾತ್ರೆ: ಚಿತ್ರಪುಸ್ತಕದ ಪದ್ಯ ಓದೋದು ಹೇಗೆ ಅಂತ ನನ್ನ ಟಿಪ್ಪಣಿ

ಮಕ್ಕಳ ಪದ್ಯದ ರಸಗ್ರಹಣ (ಪದ್ಯದ ಸೊಗಸನ್ನ ಬಿಡಿಸಿ ಹೇಳೋ ಪರೀಕ್ಷೆಯ ಉತ್ತರ) ಅಂದ್ರೆ ಐದು ನಿಮಿಷದ ಕೆಲಸ ಅನ್ಕೊಂಡಿದ್ದೆ, ಎರಡು ಸಂಜೆ ಹೋಯ್ತು. ಮರೆಯೋಕೆ ಮುಂಚೆ ಬರೆದಿಡ್ತಾ ಇದೀನಿ. ಅಭ್ಯಾಸಕ್ಕೆ ಅಂತ ನಮ್ಮ ಓದೋ ಗುಂಪಿನ ಗೆಳತಿ ಒಬ್ಬಳು ಐದು ಸಾಲು ಬರೆದು, ಪೆನ್ಸಿಲ್‌ನಲ್ಲಿ ಚಿತ್ರನೂ ಬಿಡಿಸಿ ಕೊಟ್ಟಿದ್ಲು. ಪದ್ಯ ಇದು:

ಚಟಪಟ ಚಟಪಟ ಮಳೆಹನಿ ಬಂತು
ಕೊಡೆಯನು ಬಿಚ್ಚುತ ಪುಟ್ಟಿಯು ನಿಂತು
ನಾಯಿಯ ಕರೆದಳು ಒಳಗಡೆ ಬಾರೋ
ಕಾಗೆಯ ಕರೆದಳು ನೀನೂ ಸೇರೋ
ಇನ್ನೂ ಜಾಗ ಇದೆ

ಕೊನೇ ಸಾಲಿಗೆ ಎರಡು ಪುಟ ಪೂರ್ತಿ ತುಂಬೋ ಚಿತ್ರ. ಕೊಡೆ ವಾಲಿದೆ, ನಾಯಿ ಮತ್ತೆ ಕಾಗೆ ಬೆಚ್ಚಗೆ ಒಳಗಿವೆ, ಪುಟ್ಟಿಯ ಎಡಭುಜ ಮತ್ತೆ ಒಂದು ಚಪ್ಪಲಿ ಮಳೆಯಲ್ಲಿ.

ನಾನು ಮೊದಲು ಬರೆದ ಉತ್ತರ: "ಈ ಪದ್ಯವು ಪರೋಪಕಾರದ ಸಂದೇಶವನ್ನು ಸಾರುತ್ತದೆ." ಮುಗೀತು. ಚಿತ್ರದ ಬಗ್ಗೆ "ಚಿತ್ರಗಳು ಆಕರ್ಷಕವಾಗಿವೆ" ಅಂತ ಒಂದು ಸಾಲು. ಗೆಳತಿ ಓದಿ "ಇದನ್ನ ನನ್ನ ಪದ್ಯ ಓದದೇನೇ ಬರೀಬಹುದಿತ್ತಲ್ಲ" ಅಂದ್ಲು. ನಿಜ, ಯಾವ ಮಳೆ ಪದ್ಯಕ್ಕೆ ಬೇಕಾದ್ರೂ ಅಂಟಿಸಬಹುದಾದ ಉತ್ತರ ಅದು.

ಶಬ್ದ

"ಚಟಪಟ" ಅನುಕರಣಾವ್ಯಯ. ಎರಡು ಸಲ ಬಂದಿದೆ ಅಂತ ದ್ವಿರುಕ್ತಿ ಅಂತ ಬರೀಬೇಡಿ, ಅರ್ಥ ಇರೋ ಪದ ಮತ್ತೆ ಬಂದ್ರೆ ಮಾತ್ರ ದ್ವಿರುಕ್ತಿ (ಬೇಗ ಬೇಗ, ಹನಿ ಹನಿ), ಇದು ಬರೀ ಸದ್ದಿನ ಅನುಕರಣೆ. ಪ್ರಾಸ: ಬಂತು-ನಿಂತು, ಬಾರೋ-ಸೇರೋ, ಅಂತ್ಯಪ್ರಾಸ. ಇಷ್ಟು ಸಾಕು.

ಮಾತ್ರೆ (ನಾನು ಬಿದ್ದ ಜಾಗ)

ಮಾತ್ರೆ ಅಂದ್ರೆ ಅಕ್ಷರ ಹೇಳೋಕೆ ಹಿಡಿಯೋ ಕಾಲದ ಅಳತೆ. ರೂಲ್ ಎಲ್ರಿಗೂ ಗೊತ್ತು. ಹ್ರಸ್ವಾಕ್ಷರ 1 ಮಾತ್ರೆ, ಲಘು. ದೀರ್ಘ, ಅನುಸ್ವಾರ ವಿಸರ್ಗ ಇರೋದು, ಒತ್ತಕ್ಷರದ ಹಿಂದಿನದು 2 ಮಾತ್ರೆ, ಗುರು. ಈ "ಹಿಂದಿನದು" ಅನ್ನೋದನ್ನ ನಾನು ಬಾಯಲ್ಲಿ ಹೇಳ್ತಾ ಇದ್ದೆ, ಕೈ ಮಾತ್ರ ಒತ್ತಕ್ಷರಕ್ಕೇ ಗುರು ಹಾಕ್ತಾ ಇತ್ತು. "ಬಿಚ್ಚುತ"ದಲ್ಲಿ ಬಿ 1, ಚ್ಚು 2, ತ 1 ಅಂತ ಹಾಕಿದೆ, ಒಟ್ಟು 4. ಸರಿಯಾಗಿ ಹಾಕಿದ್ರೆ ಬಿ 2, ಚ್ಚು 1, ತ 1, ಅದೂ 4! ಅಂದ್ರೆ ತಪ್ಪು ಮಾಡಿದ್ರೂ ಮೊತ್ತ ಸರಿ ಬಂತು, ಹಾಗಾಗಿ ಸಿಕ್ಕಿಹಾಕ್ಕೊಳ್ಳಲೇ ಇಲ್ಲ. "ಪುಟ್ಟಿಯು"ದಲ್ಲೂ ಹಾಗೇ ಬಚಾವಾದೆ.

ಬಣ್ಣ ಬಯಲಾಗಿದ್ದು ಕೊನೇ ಸಾಲಲ್ಲಿ. "ಇನ್ನೂ" ಪದದಲ್ಲಿ ನ್ನೂ ದೀರ್ಘ, ಅದು ಹೇಗಿದ್ರೂ 2. ನಾನು ಇ 1 ನ್ನೂ 2 ಅಂತ 3 ಹಾಕಿದೆ. ಜಾಗ 3, ಇದೆ 2, ಒಟ್ಟು 8. ಆಹಾ, ಪದ್ಯ ಪೂರ್ತಿ ನಾಲ್ಕು ನಾಲ್ಕು ಮಾತ್ರೆಯ ಗಣ (ಗುಂಪು), ಇದು ಎರಡು ಗಣ, ಸರಿಯಾಗಿ ಅರ್ಧ ಸಾಲು, "ಲಯ ಕೊನೆಯವರೆಗೂ ಏರುಪೇರಿಲ್ಲದೆ ಸಾಗಿದೆ" ಅಂತ ಜಂಬದಿಂದ ಬರೆದೆ.

ತಪ್ಪು. ಹಿಂದಿರೋ ಇ ಕೂಡ ಗುರು. ಇನ್ನೂ 4, ಜಾಗ 3, ಇದೆ 2, ಒಟ್ಟು 9. ಗಣ ಬಿಡಿಸಿ ನೋಡಿ: ಇನ್ನೂ | ಜಾಗ ಇ | ದೆ. ನಾಲ್ಕು, ನಾಲ್ಕು, ಆಮೇಲೆ ಒಂದೇ ಒಂದು ಮಾತ್ರೆ ಒಂಟಿಯಾಗಿ ನೇತಾಡ್ತಾ ಇದೆ. (ಗಣ ಪದದ ಮಧ್ಯದಲ್ಲಿ ಕಡಿದ್ರೆ ಪರವಾಗಿಲ್ಲ, ಇದೂ ನಂಗೆ ತಡವಾಗಿ ಹೊಳೆದಿದ್ದು.) ಇದು ಗೊತ್ತಾದ ಮೇಲೂ ಮೊದಲು ಅನ್ಸಿದ್ದು, ಗೆಳತಿ ಎಡವಿದ್ದಾಳೆ ಅಂತ.

ಈಗ ನನ್ನ ಶಾರ್ಟ್‌ಕಟ್. ಲಘು ಗುರು ಗುರುತು ಹಾಕೋ ಮುಂಚೆ ಚಪ್ಪಾಳೆ ತಟ್ಟಿ. ಪ್ರತಿ ಗಣದ ಶುರುವಿಗೆ ಒಂದು ಚಪ್ಪಾಳೆ: ಚಟಪಟ ಚಟಪಟ ಮಳೆಹನಿ ಬಂತು. ನಾಲ್ಕು. ಮೊದಲೆರಡು ಸಾಲು 15 ಮಾತ್ರೆ, ಕೊನೇಲಿ ಒಂದು ಮಾತ್ರೆ ಉಸಿರಿಗೆ. ಮೂರು, ನಾಲ್ಕನೇ ಸಾಲು ಭರ್ತಿ 16, ಉಸಿರಾಡೋಕೂ ಜಾಗ ಇಲ್ಲ (ಕೊಡೆ ಕೆಳಗೂ ಅದೇ ಹೊತ್ತಿಗೆ ಇಕ್ಕಟ್ಟಾಗ್ತಾ ಇದೆ ನೋಡಿ, ಬೇಕಂತಲೇ ಮಾಡಿದ್ದೋ ಏನೋ). ಐದನೇ ಸಾಲಿಗೆ ಬನ್ನಿ. ಇನ್ನೂ, ಜಾಗ ಇ, ದೆ, ನಾಲ್ಕನೇ ಚಪ್ಪಾಳೆ ಬರೀ ಮೌನದ ಮೇಲೆ ಬೀಳುತ್ತೆ. ಕೈ ತಟ್ಟುತ್ತೆ, ಬಾಯಲ್ಲಿ ಪದ ಇಲ್ಲ. 16ರಲ್ಲಿ 7 ಮಾತ್ರೆ ಖಾಲಿ.

ಆ ಖಾಲಿ 7 ಮಾತ್ರೆಯಲ್ಲಿ ಮಗು ಏನು ಮಾಡುತ್ತೆ? ಚಿತ್ರ ನೋಡುತ್ತೆ. ಒದ್ದೆ ಭುಜ ಕಾಣೋದು ಆವಾಗ. ಎಡವಿದ್ದು ನಾನು.

ಇನ್ನೊಂದು, ಮೊದಲ ಸಾಲಲ್ಲಿ "ಬಂತು"ವರೆಗೆ 12 ಲಘು ಸಾಲಾಗಿ ಇವೆ, ಒಂದೊಂದೂ ಒಂದೊಂದು ಹನಿ. "ಇನ್ನೂ" ಎರಡೂ ಗುರು, ಓಡೋ ನಾಲಿಗೆ ಅಲ್ಲಿ ನಿಧಾನ ಆಗಲೇಬೇಕು.

ಚಿತ್ರ ಹೇಳೋದು, ಪದ ಹೇಳದೇ ಇರೋದು

ಪದ ಹೇಳುತ್ತೆ: ಜಾಗ ಇದೆ. ಚಿತ್ರ ಹೇಳುತ್ತೆ: ಇಲ್ಲ ಕಣೇ. ಎರಡೂ ಒಟ್ಟಿಗೆ ಓದಿದಾಗ ಮೂರನೇದು ಒಂದು ಹುಟ್ಟುತ್ತೆ, ಅದನ್ನ ಪದ್ಯದಲ್ಲೂ ಬರೆದಿಲ್ಲ, ಚಿತ್ರದಲ್ಲೂ ಬರೆದಿಲ್ಲ. ಇದನ್ನ ಎಲ್ಲೋ ಓದಿದೀನಲ್ಲ ಅಂತ ತಲೆ ಕೆರ್ಕೊಂಡೆ, ನಮ್ಮ ಕಾವ್ಯಮೀಮಾಂಸೆ ನೋಟ್ಸಲ್ಲೇ ಇದೆ, ಧ್ವನಿ, ಅಂದ್ರೆ ನೇರ ಹೇಳದೆ ಸೂಚಿಸೋ ಅರ್ಥ! 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಹೇಳಿದ್ದು, ಕಾವ್ಯದ ಆತ್ಮ ಧ್ವನಿ ಅಂತ. ಪರೀಕ್ಷೆಗೆ ಬಾಯಿಪಾಠ ಮಾಡೋ ಉದಾಹರಣೆ "ಗಂಗೆಯಲ್ಲಿ ಹಟ್ಟಿ": ವಾಚ್ಯಾರ್ಥ (ಪದದ ನೇರ ಅರ್ಥ) ನೀರಿನ ಮೇಲೆ ಹಟ್ಟಿ, ಅದು ಸಾಧ್ಯ ಇಲ್ಲ, ಲಕ್ಷ್ಯಾರ್ಥ (ನೇರ ಅರ್ಥ ಹೊಂದದಾಗ ಹಿಡಿಯೋ ಅರ್ಥ) ದಡದಲ್ಲಿ ಹಟ್ಟಿ, ವ್ಯಂಗ್ಯಾರ್ಥ ಆ ಜಾಗದ ತಂಪು, ಪಾವಿತ್ರ್ಯ. ಇಲ್ಲಿ ವಾಚ್ಯಾರ್ಥ ಅಸಾಧ್ಯ ಅಂತ ತೋರಿಸೋ ಕೆಲಸ ಚಿತ್ರದ್ದು, ಅದೇ ವ್ಯತ್ಯಾಸ. ವ್ಯಂಗ್ಯ ಅಂದ್ರೆ ಇಲ್ಲಿ ಅಣಕ ಅಲ್ಲ, ಸೂಚನೆ, ನಾನು ಒಂದು ಸಲ ಅಣಕ ಅಂತ ಬರೆದು ಮಾರ್ಕ್ಸ್ ಕಳ್ಕೊಂಡಿದೀನಿ.

ಹಾಗಾಗಿ ಉತ್ತರದಲ್ಲಿ "ಆಶ್ರಯ" ಅನ್ನೋ ಪದ ಬರೆಯೋ ಮುಂಚೆ ಪದ್ಯದಲ್ಲಿ ಅದು ಇದೆಯಾ ನೋಡಿ. ಇಲ್ಲ. ತ್ಯಾಗ, ಕರುಣೆ ಯಾವುದೂ ಇಲ್ಲ. ಇರೋದು ಜಾಗ. ಅಷ್ಟು ಸಣ್ಣ ಪದವನ್ನ ನಾವು ದೊಡ್ಡ ಪದ ಹಾಕಿ ಮುಚ್ಚಿಬಿಟ್ರೆ ಭುಜ ಒದ್ದೆ ಆಗಿದ್ದು ಕಾಣಲ್ಲ.

ಚಿಲ್ಲರೆ ವಿಷಯ

ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಇರ್ತವೆ, ದೊಡ್ಡ ಹಾಳೆ ಮುದ್ರಿಸಿ ಮಡಚಿದಾಗ 8, 16ರ ಲೆಕ್ಕದಲ್ಲಿ ಪುಟ ಬರುತ್ತೆ ಅಂತ. ಎಲ್ಲಿ ಪುಟ ತಿರುಗುತ್ತೆ ಅನ್ನೋದನ್ನೂ ಉತ್ತರದಲ್ಲಿ ಹೇಳಿ, ಇಲ್ಲಿ "ಸೇರೋ" ಆದ್ಮೇಲೆ ತಿರುಗುತ್ತೆ. ಮಧ್ಯದ ಮಡಿಕೆಯಲ್ಲಿ ಮುಖ ಬರದ ಹಾಗೆ ಕಲಾವಿದರು ನೋಡ್ಕೋತಾರೆ, ಇಲ್ಲಿ ಮಡಿಕೆಗೆ ಕೊಡೆಯ ಕೋಲು ಬಂದಿದೆ. ಮಳೆಹನಿಯನ್ನ ಕಣ್ಣೀರಿನ ಹಾಗೆ ಚೂಪು ತುದಿ ಇಟ್ಟು ಬಿಡಿಸಿದಾಳೆ, ನಿಜವಾದ ಸಣ್ಣ ಹನಿ ದುಂಡಗೆ ಇರುತ್ತೆ, ದೊಡ್ಡದಾದ್ರೆ ಅಡಿ ಚಪ್ಪಟೆ ಆಗುತ್ತೆ. ಇದನ್ನ ತಪ್ಪು ಅಂತ ಬರೀಬೇಡಿ, ಅದು ಚಿತ್ರದ ಭಾಷೆ.

ನಂಗೆ ಕೊನೆಗೆ ಉಳಿದ ಪ್ರಶ್ನೆ, "ಇನ್ನೂ ಜಾಗ ಇದೆ" ಅಂತ ಪುಟ್ಟಿ ಹೇಳ್ತಿರೋದು ಯಾರಿಗೆ? ನಾಯಿ, ಕಾಗೆ ಆಗಲೇ ಒಳಗಿವೆ. ಚಿತ್ರದಲ್ಲಿ ಬೇರೆ ಯಾರೂ ಇಲ್ಲ. ನಾಲ್ಕನೇ ಸಲ ನೋಡಿದಾಗ ಗಮನಕ್ಕೆ ಬಂತು, ಅವಳು ನಾಯೀನ ನೋಡ್ತಿಲ್ಲ, ಪುಟದಿಂದ ಆಚೆ, ನೇರ ನಮ್ಮನ್ನೇ ನೋಡ್ತಿದಾಳೆ. ಮೈ ಜುಂ ಅಂತು. ತಕ್ಷಣ ಗೆಳತಿಗೆ ಫೋನ್ ಮಾಡಿ ಹೇಳಿದೆ.

"ಅಯ್ಯೋ, ನಂಗೆ ಪಕ್ಕಕ್ಕೆ ನೋಡೋ ಕಣ್ಣು ಬಿಡಿಸೋಕೆ ಬರಲ್ಲ ಕಣೋ" ಅಂದ್ಲು.

ನಾನಂತೂ ಉತ್ತರದಲ್ಲಿ ಬರೀತೀನಿ.